ಹಳೇ ಕಾರಿನ ಹೆಡ್‌ಲೈಟ್ ಮಂಕಾಗಿದ್ಯಾ? ಬಲ್ಬ್ ತಗೊಳೋಕೆ ಮುಂಚೆ ಮೀಟರ್ ಹಿಡೀರಿ

ಹಳೇ ಕಾರು ಇಟ್ಕೊಂಡಿರೋರು ಯಾರನ್ನೇ ಕೇಳಿ, ಕತ್ತಲಾಗೋದ್ರೊಳಗೆ ಮನೆ ಸೇರ್ಕೊಂಬಿಡ್ಬೇಕು ಅಂತಾರೆ, ಯಾಕಂದ್ರೆ ಲೈಟ್ ಹಾಕಿದ್ರೆ ರಸ್ತೆ ಮೇಲೆ ಹಳದಿ ಬಣ್ಣದ ಎರಡು ಮಚ್ಚೆ ಬೀಳತ್ತೆ ಅಷ್ಟೇ, ಮುಂದೆ ಹಳ್ಳ ಇದ್ಯಾ ಹಂಪ್ ಇದ್ಯಾ ಅನ್ನೋದು ಚಕ್ರ ಅದರೊಳಗೆ ಇಳಿದ್ಮೇಲೇ ಗೊತ್ತಾಗೋದು. ಎಲ್ರೂ ಮೊದಲು ಮಾಡೋ ಕೆಲಸ ಏನು? ಜಾಸ್ತಿ ವಾಟ್ ಬಲ್ಬ್ ಹಾಕೋದು. ನಾನೂ ಅದನ್ನೇ ಮಾಡಿದ್ದು.

ನನ್ನ ಹತ್ರ ಇರೋದು 1968ರ ಮೋರಿಸ್ ಮೈನರ್. ಹಳೇ ಸೀಲ್ಡ್ ಬೀಮ್ (ಗಾಜು, ಫಿಲಮೆಂಟ್ ಎಲ್ಲಾ ಒಂದೇ ಬುರುಡೆ ಆಗಿರೋ ಲೈಟು) ತೆಗೆದು ಎಚ್4 ಡೂಮ್, ಅಂದ್ರೆ ಎಚ್4 ಅನ್ನೋ ಹ್ಯಾಲೊಜನ್ ಬಲ್ಬ್ ಕೂರೋ ಗಾಜು-ರಿಫ್ಲೆಕ್ಟರ್, ಹಾಕ್ಕೊಂಡು ಅದಕ್ಕೆ 100/90 ವಾಟ್ (ಹೈ ಬೀಮಿಗೆ 100, ಲೋ ಬೀಮಿಗೆ 90) ಬಲ್ಬ್ ಜಡಿದೆ. ಮೊದಲನೇ ರಾತ್ರಿ ಪರವಾಗಿಲ್ಲ ಅನ್ನಿಸ್ತು, ಖುಷಿನೂ ಆಯ್ತು. ಎರಡನೇ ವಾರ ಒಂದು ರಾತ್ರಿ ಓಡಿಸ್ತಾ ಇರ್ಬೇಕಾದ್ರೆ ಕಾಲ ಹತ್ರದಿಂದ ಮೀನು ಕೊಳೆತ ಹಾಗೆ ವಾಸನೆ ಬರೋಕೆ ಶುರುವಾಯ್ತು, ಏನಪ್ಪಾ ಇದು ಅಂತ ಕಿಟಕಿ ಇಳಿಸೋಷ್ಟರಲ್ಲಿ ತಿರುವಿನ ಮಧ್ಯದಲ್ಲೇ ಎರಡೂ ಲೈಟ್ ಒಟ್ಟಿಗೆ ಹೋಯ್ತು. ಗಾಡಿ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದ್ರೆ ನೆಲದ ಮೇಲಿರೋ ಡಿಪ್ ಸ್ವಿಚ್, ಲೋ-ಹೈ ಬದಲಾಯಿಸೋಕೆ ಎಡಗಾಲಲ್ಲಿ ಒತ್ತೋದು ಇರತ್ತಲ್ಲ ಅದು, ಒಳಗೆ ಕರಗಿ ಅಂಟ್ಕೊಂಡ್ಬಿಟ್ಟಿತ್ತು. ಆ ಸರ್ಕ್ಯೂಟಿಗೆ ಒಂದು ಫ್ಯೂಸೂ ಇರ್ಲಿಲ್ಲ! ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಕೊಡ್ತಿರ್ಲಿಲ್ಲ, ಫ್ಯೂಸ್ ಹೋಗಿ ಕತ್ತಲಾಗೋದಕ್ಕಿಂತ ವಾಸಿ ಅಂತ ಇರ್ಬೇಕು.

ಆಮೇಲೆ ಬುದ್ಧಿ ಬಂದು ಮಲ್ಟಿಮೀಟರ್ ಹಿಡಿದೆ. ಮಾಮೂಲಿ 60/55 ಬಲ್ಬ್ ಹಾಕಿ, ಹೊಸ ಡಿಪ್ ಸ್ವಿಚ್ ಹಾಕಿ, ಎಂಜಿನ್ ಸ್ವಲ್ಪ ಏರಿಸಿ ಇಟ್ಟು ಅಳೆದ್ರೆ ಬ್ಯಾಟರಿ ಹತ್ರ 13.8 ವೋಲ್ಟ್, ಲೈಟಿನ ಹಿಂದೆ 11.4. ಮಧ್ಯದಲ್ಲಿ 2.4 ವೋಲ್ಟ್ ಕಾಣೆ. ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯೋದಾಗಿದ್ರೆ ಹೋಗ್ಲಿ ಬಿಡು ಅನ್ಬಹುದಿತ್ತು, ಆದ್ರೆ ಫಿಲಮೆಂಟ್ ಬಲ್ಬಲ್ಲಿ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕ ಹಾಗೆ ಏರಿಳಿಯತ್ತೆ. ಎಚ್4 ಬಲ್ಬಿನ ಬೆಳಕಿನ ಲೆಕ್ಕ ಕೊಡೋದು 13.2 ವೋಲ್ಟಲ್ಲಿ, ಅಲ್ಲಿ ಹೈ ಬೀಮ್ 1650 ಲ್ಯೂಮೆನ್, ಲೋ ಬೀಮ್ 1000 ಲ್ಯೂಮೆನ್. ಅದಕ್ಕೆ ಬರೀ ಶೇ. 10 ವೋಲ್ಟೇಜ್ ಕಮ್ಮಿ ಸಿಕ್ಕಿದ್ರೆ ಬೆಳಕು ಶೇ. 30 ಹೋಯ್ತು. ನನ್ನ 11.4 ವೋಲ್ಟಿಗೆ ಸಿಗ್ತಿದ್ದಿದ್ದು ಶೇ. 60 ಬೆಳಕು. ಅಂದ್ರೆ ಬಲ್ಬ್ ಪಾಪ ಏನ್ ಮಾಡತ್ತೆ, ಎತ್ತಿಗೆ ಜ್ವರ ಬಂದಿದ್ದಕ್ಕೆ ಎಮ್ಮೆಗೆ ಬರೆ ಹಾಕ್ತಾ ಇದ್ದೆ ನಾನು.

ಅದಕ್ಕೇ ಹೇಳೋದು, ಒಂದು ಸ್ಕ್ರೂ ಬಿಚ್ಚೋಕೂ ಮುಂಚೆ ಅಳೀರಿ. ಇದರಲ್ಲಿ ಒಂದು ಮೋಸ ಇದೆ, ತುಂಬಾ ಜನ ಇಲ್ಲೇ ಬೀಳೋದು: ಹೋಲ್ಡರ್ ಬಲ್ಬಿಂದ ಕಿತ್ತು ಅದರ ಪಿನ್ನಿಗೆ ಮೀಟರ್ ಇಟ್ರೆ ಪೂರ್ತಿ ವೋಲ್ಟೇಜ್ ತೋರಿಸತ್ತೆ, ವೈರಿಂಗ್ ಫಸ್ಟ್ ಕ್ಲಾಸ್ ಆಗಿದೆ ಅಂದ್ಕೊಂಡು ಸುಮ್ಮನಾಗ್ತೀವಿ. ಕರೆಂಟ್ ಹರೀದೇ ಇದ್ರೆ ಒಂದೇ ಒಂದು ಎಳೆ ಉಳ್ಕೊಂಡಿರೋ ವೈರು ಕೂಡ 12 ವೋಲ್ಟ್ ತೋರಿಸತ್ತೆ. ಆದ್ರಿಂದ ಹೋಲ್ಡರ್ ಬಲ್ಬಿಗೇ ಇರ್ಲಿ, ಲೈಟ್ ಉರೀತಾ ಇರ್ಲಿ, ಹೋಲ್ಡರ್ ಹಿಂಭಾಗದಿಂದ ವೈರ್ ಪಕ್ಕದಲ್ಲೇ ಪ್ರೋಬ್ ತೂರಿಸಿ. ಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು ಒಂದು ಪ್ರೋಬ್ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಲೋ ಬೀಮ್ ಪಿನ್ನಿಗೆ ಹಿಡಿದ್ರೆ ದಾರಿಯಲ್ಲಿ ಎಷ್ಟು ವೋಲ್ಟ್ ಸೋರಿ ಹೋಗ್ತಿದೆ ಅಂತ ನೇರ ಬರತ್ತೆ. ಹೈ ಬೀಮಿಗೂ ಹಾಗೇ. ಆಮೇಲೆ ಬ್ಯಾಟರಿ ಮೈನಸ್ಸಿಂದ ಬಲ್ಬಿನ ಅರ್ಥ್ ಪಿನ್ನಿಗೆ, ಅಂದ್ರೆ ಕರೆಂಟ್ ವಾಪಸ್ ಹೋಗೋ ಪಿನ್ನಿಗೆ. ಪ್ರೋಬ್ ವೈರ್ ಉದ್ದ ಸಾಕಾಗಲ್ಲ, ಒಂದು ಉದ್ದ ವೈರಿಗೆ ಎರಡೂ ಕಡೆ ಮೊಸಳೆ ಕ್ಲಿಪ್ ಹಾಕಿ ಇಟ್ಕೊಳಿ. ಎರಡೂ ಕಡೆ ಸೇರಿ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದ್ರೆ ಕೆಲಸ ಇದೆ ಅಂತ ಲೆಕ್ಕ.

ನನ್ನದ್ರಲ್ಲಿ ಅರ್ಥ್ ಕಡೆನೇ 0.9 ವೋಲ್ಟ್ ಹೋಗ್ತಿತ್ತು. ಎರಡೂ ಲೈಟಿನ ಕಪ್ಪು ವೈರು ರೇಡಿಯೇಟರ್ ಪಕ್ಕ ಒಂದೇ ಒಂದು ಬೋಲ್ಟಿಗೆ ಬಂದು ಸೇರ್ತಿತ್ತು, ಆ ಬೋಲ್ಟ್ ಕೆಳಗೆ ಯಾರೋ ಪುಣ್ಯಾತ್ಮ ಪೇಂಟ್ ಹೊಡೆದಿದ್ದ, ಪೇಂಟ್ ಮೇಲೆ ಲಗ್ (ವೈರ್ ತುದಿಯ ಲೋಹದ ಬಳೆ), ಲಗ್ ಮೇಲೆ ತುಕ್ಕು. ಬಿಚ್ಚಿ, ಲೋಹ ಹೊಳೆಯೋ ತನಕ ಎಮರಿ ಪೇಪರಲ್ಲಿ ತಿಕ್ಕಿ, ಹೊಸ ಲಗ್ ಹಾಕಿ, ಹಲ್ಲಿರೋ ವಾಷರ್ ಕೊಟ್ಟು ಬಿಗಿಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಬಳಿದೆ. ಹದಿನೈದು ನಿಮಿಷದ ಕೆಲಸ, ಲೈಟ್ ಹಾಕಿದ ತಕ್ಷಣ ವ್ಯತ್ಯಾಸ ಕಣ್ಣಿಗೇ ಕಾಣ್ತು. ನಿಮ್ಮದ್ರಲ್ಲೂ ಇಲ್ಲಿಂದಾನೇ ಶುರು ಮಾಡಿ, ಎಂಜಿನ್ನಿಂದ ಬಾಡಿಗೆ ಹೋಗೋ ದಪ್ಪ ಅರ್ಥ್ ಪಟ್ಟಿ ಕೂಡ ನೋಡಿ.

ಉಳಿದ 1.5 ವೋಲ್ಟ್ ಪ್ಲಸ್ ಕಡೆ ಹೋಗ್ತಿತ್ತು, ಅದಕ್ಕೆ ತಿಕ್ಕಿದ್ರೆ ಸಾಲಲ್ಲ. ದಾರಿ ನೋಡಿ ಎಷ್ಟುದ್ದ ಇದೆ: ಬ್ಯಾಟರಿಯಿಂದ ಸೊಲೆನಾಯ್ಡು, ಅಲ್ಲಿಂದ ಕಂಟ್ರೋಲ್ ಬಾಕ್ಸು, ಅಲ್ಲಿಂದ ಡ್ಯಾಶ್‌ಬೋರ್ಡಿನ ಲೈಟ್ ಸ್ವಿಚ್ಚು, ಅಲ್ಲಿಂದ ಕಾಲ ಕೆಳಗಿನ ಡಿಪ್ ಸ್ವಿಚ್ಚು, ಮತ್ತೆ ಬುಲೆಟ್ ಕನೆಕ್ಟರ್ ದಾಟಿ ಮುಂದಕ್ಕೆ. ಎರಡು ಬಲ್ಬಿನ 10 ಆಂಪಿಯರ್ ಅಷ್ಟೂ ಈ ಸಪೂರ ವೈರಲ್ಲೇ ಹೋಗ್ಬೇಕು. 1 ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಹೆಚ್ಚುಕಮ್ಮಿ 0.018 ಓಮ್, ನಾಲ್ಕು ಮೀಟರ್ ಇದ್ರೆ 10 ಆಂಪಿಯರಿಗೆ 0.7 ವೋಲ್ಟ್ ವೈರಲ್ಲೇ ಹೋಯ್ತು, ಐವತ್ತು ವರ್ಷ ಹಳೇ ಸ್ವಿಚ್ ಕಾಂಟ್ಯಾಕ್ಟಿನ ಕಥೆ ಬೇರೆ. ಇದಕ್ಕೆ ಮದ್ದು ರಿಲೇ. ಹಳೇ ಸ್ವಿಚ್ಚು ರಿಲೇಗೆ ಆನ್ ಆಗು ಅಂತ ಹೇಳತ್ತೆ ಅಷ್ಟೇ, ಅದಕ್ಕೆ ಬೇಕಾಗೋದು 0.2 ಆಂಪಿಯರೂ ಇಲ್ಲ, ದೊಡ್ಡ ಕರೆಂಟು ಬ್ಯಾಟರಿಯಿಂದ ದಪ್ಪ ವೈರಲ್ಲಿ ಹತ್ತಿರದ ದಾರಿಲಿ ಸೀದಾ ಬಲ್ಬಿಗೆ ಹೋಗತ್ತೆ. ಬೆಳಕೂ ಜಾಸ್ತಿ, ಸ್ವಿಚ್ಚಿನ ಆಯಸ್ಸೂ ಜಾಸ್ತಿ.

ನಾಲ್ಕು ಪಿನ್ನಿನ ಮಾಮೂಲಿ ರಿಲೇ ಎರಡು ಬೇಕು, ಒಂದು ಲೋ ಬೀಮಿಗೆ ಒಂದು ಹೈ ಬೀಮಿಗೆ. ಪಿನ್ ನಂಬರ್ ಅದರ ಮೈಮೇಲೇ ಬರೆದಿರತ್ತೆ. 30 ಅಂದ್ರೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರೋದು, 87 ಬಲ್ಬಿಗೆ ಹೋಗೋದು, 86 ಹಳೇ ಸ್ವಿಚ್ಚಿಂದ ಬರೋ ವೈರು, 85 ಅರ್ಥು. ಐದು ಪಿನ್ನಿಂದು ಸಿಕ್ಕಿದ್ರೆ ಮಧ್ಯದಲ್ಲಿ 87ಎ ಅಂತ ಇದ್ಯಾ ನೋಡಿ, ಇದ್ರೆ ಅದನ್ನ ಖಾಲಿ ಬಿಡಿ, ಅದು ರಿಲೇ ಆಫ್ ಇದ್ದಾಗ ಕರೆಂಟ್ ಕೊಡೋ ಪಿನ್ನು, ಗೊತ್ತಿಲ್ದೇ ಅದಕ್ಕೆ ಲೈಟ್ ಕೊಟ್ರೆ ಸ್ವಿಚ್ ಆಫ್ ಮಾಡಿದಾಗ ಲೈಟ್ ಹತ್ತತ್ತೆ. ನಗಬೇಡಿ, ಮಾಡಿದೀನಿ.

ಬ್ಯಾಟರಿಯಿಂದ ರಿಲೇವರೆಗೆ 4 ಚದರ ಮಿಲಿಮೀಟರ್ ವೈರು, ರಿಲೇಯಿಂದ ಒಂದೊಂದು ಲೈಟಿಗೆ 2.5, ಒಂದೊಂದು ಲೈಟಿನ ಅರ್ಥಿಗೂ 2.5. ಪ್ಲಸ್ಸಿಗೆ ದಪ್ಪ ವೈರ್ ಹಾಕಿ ಅರ್ಥಿಗೆ ಹಳೇದನ್ನೇ ಬಿಟ್ರೆ ಮಾಡಿದ್ದು ಅರ್ಧ ಕೆಲಸ. ಫ್ಯೂಸ್ ಹೋಲ್ಡರ್ ಬ್ಯಾಟರಿಗೆ ಎಷ್ಟು ಹತ್ರ ಇದ್ರೆ ಅಷ್ಟು ಒಳ್ಳೇದು, ಒಂದು ಗೇಣಿನೊಳಗೆ ಇರ್ಲಿ, ಯಾಕಂದ್ರೆ ಫ್ಯೂಸಿಗೆ ಮುಂಚೆ ಇರೋ ವೈರು ಬಾಡಿಗೆ ತಾಗಿದ್ರೆ ಅದನ್ನ ತಡಿಯೋರು ಯಾರೂ ಇಲ್ಲ. ಅಲ್ಲಿ ಒಂದು 30 ಆಂಪಿಯರ್ ಮೇನ್ ಫ್ಯೂಸ್ ಕೊಟ್ಟು, ರಿಲೇ ಆದ್ಮೇಲೆ ಎಡಕ್ಕೂ ಬಲಕ್ಕೂ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಹಾಕಿ. ಒಂದು ಕಡೆ ಶಾರ್ಟ್ ಆದ್ರೂ ಇನ್ನೊಂದು ಕಡೆ ಉರೀತಿರತ್ತೆ. ಆ ತಿರುವಲ್ಲಿ ನಿಂತಿದ್ದವನ ಮಾತು ಇದು, ನಂಬಿ.

ಹಳೇ ವೈರಿಂಗ್ ಕತ್ತರಿಸೋಕೆ ಹೋಗ್ಬೇಡಿ. ಒಂದು ಕಡೆ ಲೈಟಿನ ಹಳೇ ಹೋಲ್ಡರಿಗೆ ಮೂರು ಬ್ಲೇಡ್ ಟರ್ಮಿನಲ್ (ಚಪ್ಪಟೆ ಪಿನ್ನು) ತೂರಿಸಿ ಅಲ್ಲಿಂದಾನೇ ಎರಡೂ ರಿಲೇಗೆ ಸಿಗ್ನಲ್ ತಗೊಳಿ, ಇನ್ನೊಂದು ಕಡೆ ಹೋಲ್ಡರ್ ಖಾಲಿ ಇರತ್ತೆ, ಟೇಪ್ ಸುತ್ತಿ ಒಳಗೆ ಕಟ್ಟಿಬಿಡಿ. ನಾಳೆ ಬೇಡ ಅನ್ನಿಸಿದ್ರೆ ಹತ್ತು ನಿಮಿಷದಲ್ಲಿ ಕಾರು ಮೊದಲಿನ ಹಾಗೆ. ಯಾವ ವೈರ್ ಯಾವುದು ಅಂತ ಬಣ್ಣ ಹೇಳತ್ತೆ, ಬ್ರಿಟಿಷ್ ಕಾರಲ್ಲಿ ನೀಲಿ-ಕೆಂಪು ಲೋ, ನೀಲಿ-ಬಿಳಿ ಹೈ, ಕಪ್ಪು ಅರ್ಥು. ಜರ್ಮನ್ ಕಾರಲ್ಲಿ ಹಳದಿ ಲೋ, ಬಿಳಿ ಹೈ, ಕಂದು ಅರ್ಥು. ಆದ್ರೆ ಇಷ್ಟು ವರ್ಷದಲ್ಲಿ ಎಷ್ಟು ಕೈ ಆಡಿದ್ಯೋ ಯಾರಿಗ್ಗೊತ್ತು, ಟೆಸ್ಟ್ ಲ್ಯಾಂಪ್ ಹಿಡಿದು ನೋಡ್ಕೊಂಡೇ ಮುಂದುವರೀರಿ.

ಎರಡು ಜಾತಿ ಕಾರಿನೋರು ಇಲ್ಲಿ ಸ್ವಲ್ಪ ನಿಂತು ಯೋಚಿಸ್ಬೇಕು. ಹಳೇ ಜಪಾನೀ ಕಾರುಗಳಲ್ಲಿ ತುಂಬಾ ಕಡೆ ಸ್ವಿಚ್ ಇರೋದು ಅರ್ಥ್ ಕಡೆ, ಅಂದ್ರೆ ಬಲ್ಬಿನ ಕಾಮನ್ ಪಿನ್ನಿಗೆ ಪ್ಲಸ್ ಬರತ್ತೆ, ಲೋ-ಹೈ ಎರಡನ್ನೂ ಸ್ವಿಚ್ಚು ಅರ್ಥ್ ಮಾಡತ್ತೆ. ಲೈಟ್ ಆನ್ ಮಾಡಿ ಹೋಲ್ಡರ್ ಕಿತ್ತು ನೋಡಿದಾಗ ಕಾಮನ್ ಪಿನ್ನಲ್ಲೇ 12 ವೋಲ್ಟ್ ಸಿಕ್ರೆ ನಿಮ್ಮದು ಈ ಜಾತಿ, ಆಗ 86ನ್ನ ಆ ಕಾಮನ್ ಪ್ಲಸ್ಸಿಗೆ, 85ನ್ನ ಸ್ವಿಚ್ಚಿಂದ ಬರೋ ವೈರಿಗೆ ಕೊಡಿ. ಇನ್ನೊಂದು ಪಾಸಿಟಿವ್ ಅರ್ಥ್ ಕಾರುಗಳು, ಅಂದ್ರೆ ಬ್ಯಾಟರಿಯ ಮೈನಸ್ ಬದಲು ಪ್ಲಸ್ಸನ್ನ ಕಾರಿನ ಮೈಗೆ ಜೋಡಿಸಿರೋವು, 60ರ ದಶಕದವರೆಗಿನ ಬ್ರಿಟಿಷ್ ಕಾರು ಸುಮಾರೆಲ್ಲಾ ಹಾಗೇ. ಸಾದಾ ರಿಲೇಗೆ ಪ್ಲಸ್-ಮೈನಸ್ ಭೇದ ಇಲ್ಲ, ಆದ್ರೆ ಒಳಗೆ ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು) ಇರೋ ರಿಲೇ ಆದ್ರೆ 85, 86 ಅದಲು ಬದಲು ಮಾಡ್ಬೇಕು, ಇಲ್ಲಾಂದ್ರೆ ಡಯೋಡ್ ಸುಟ್ಟೋಗತ್ತೆ. ಆಮೀಟರ್ (ಬ್ಯಾಟರಿಗೆ ಎಷ್ಟು ಕರೆಂಟ್ ಹೋಗ್ತಿದೆ, ಬರ್ತಿದೆ ಅಂತ ತೋರಿಸೋ ಮೀಟರ್) ಇರೋ ಕಾರಲ್ಲಿ ಬ್ಯಾಟರಿ ಟರ್ಮಿನಲ್ಲಿಂದಲೇ ನೇರ ತಗೊಂಡ್ರೆ ಮುಳ್ಳು ತಪ್ಪು ಲೆಕ್ಕ ತೋರಿಸತ್ತೆ, ಅಂಥದ್ರಲ್ಲಿ ಆಮೀಟರ್ ದಾಟಿದ್ಮೇಲೆ ಇರೋ, ಚಾರ್ಜಿಂಗ್ ಕಡೆಯ ಟರ್ಮಿನಲ್ಲಿಂದ ಎಳ್ಕೊಳಿ.

ಇದೆಲ್ಲಾ ಆದ್ಮೇಲೆ ನನ್ನ ಮೀಟರ್ 13.2 ತೋರಿಸ್ತು. ಅದೇ 60/55 ಬಲ್ಬು. ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮ ಹೊಸ ಬಲ್ಬ್ ಯಾವ್ದು ಹಾಕಿದೆ ಅಂತ ಕೇಳ್ದ.

ಈಗ ಬಲ್ಬು, ಡೂಮು. ಸೀಲ್ಡ್ ಬೀಮ್ ಅನ್ನೋದು ಅಮೆರಿಕದಲ್ಲಿ 1940ರ ಮಾಡೆಲ್ ಕಾರುಗಳಿಂದ ಬಂದಿದ್ದು, ಗಾಜು, ರಿಫ್ಲೆಕ್ಟರು, ಫಿಲಮೆಂಟು ಎಲ್ಲಾ ಒಂದೇ ಮುಚ್ಚಿದ ಬುರುಡೆ, ಹೋದ್ರೆ ಪೂರ್ತಿ ಬಿಸಾಕ್ಬೇಕು. ಆದ್ರೆ ಅದರಿಂದ ನಮಗೊಂದು ಉಪಕಾರ ಆಗಿದೆ, 7 ಇಂಚಿನ ಗುಂಡು ಲೈಟು ಅನ್ನೋ ಅಳತೆ ಲೋಕಕ್ಕೆಲ್ಲಾ ಹಬ್ಬಿಬಿಡ್ತು. ಮಿನಿ, ಎಂಜಿಬಿ, ಮೋರಿಸ್ ಮೈನರ್, ಹಳೇ ಲ್ಯಾಂಡ್ ರೋವರ್, ಜೀಪ್, ಎಲ್ಲಕ್ಕೂ ಅದೇ. ಎಚ್4 ಬಲ್ಬ್ ಬಂದಿದ್ದು 1971ರಲ್ಲಿ, ಅದಕ್ಕೆ ಅಂತ ಮಾಡಿರೋ 7 ಇಂಚಿನ ಡೂಮ್ ತಂದ್ರೆ ಬುರುಡೆ ಜಾಗಕ್ಕೆ ಸೀದಾ ಕೂರತ್ತೆ, ಹಿಂದಿನ ಮೂರು ಪಿನ್ನಿನ ಹೋಲ್ಡರೂ ಬಹಳಷ್ಟು ಕಾರಲ್ಲಿ ಅದೇ ಆಗತ್ತೆ. ನೋಡ್ಕೋಬೇಕಾಗಿದ್ದು ಹಿಂದಿನ ಆಳ. ಎಚ್4 ಬಾಲ ಉದ್ದ, ರಬ್ಬರ್ ಟೋಪಿ ಬೇರೆ ಹಾಕ್ಬೇಕು, ಕೆಲವು ಕಾರಿನ ತಗಡಿನ ಬಟ್ಟಲಿಗೆ ತಗಲತ್ತೆ. ಆ ರಬ್ಬರ್ ಟೋಪಿ ಬಿಟ್ಟು ಹಾಕ್ಬೇಡಿ, ಒಂದೇ ಮಳೆಗಾಲ ಸಾಕು ಒಳಗೆಲ್ಲಾ ನೀರಾಡೋಕೆ. ಯುರೋಪಿನ ಹಳೇ ಕಾರುಗಳಲ್ಲಿ ಸೀಲ್ಡ್ ಬೀಮ್ ಬದಲು 45/40 ವಾಟಿನ ಬಿಡಿ ಬಲ್ಬ್ ಇರೋ ಡೂಮ್ ಇರತ್ತೆ, ಅದರ ಕುಂಡಿ ಅಳತೆ ಬೇರೆ, ಎಚ್4 ಅದರೊಳಗೆ ಕೂರಲ್ಲ. ಉಜ್ಜಿ ಗಿಜ್ಜಿ ಕೂರಿಸೋರಿದಾರೆ, ಫಿಲಮೆಂಟ್ ಜಾಗ ತಪ್ಪಿ ಬೆಳಕು ಮರದ ಮೇಲೆ ಹೋಗತ್ತೆ.

ಡೂಮ್ ತಗೊಳೋವಾಗ ಗಾಜಿನ ಮೇಲೆ ಅಚ್ಚಾಗಿರೋದನ್ನ ಓದಿ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕ ಒಂದು ನಂಬರ್ ಇದ್ರೆ ಅದು ಪರೀಕ್ಷೆ ಪಾಸಾದ ಲೈಟು. ಎಚ್‌ಸಿಆರ್ ಅಂತಿದ್ರೆ ಹ್ಯಾಲೊಜನ್, ಲೋ ಮತ್ತೆ ಹೈ ಎರಡೂ ಇದೆ ಅಂತ ಅರ್ಥ. ಇದಕ್ಕಿಂತ ಮುಖ್ಯ ಬಾಣದ ಗುರುತು. ಎಚ್4 ಲೋ ಬೀಮಲ್ಲಿ ಬೆಳಕಿನ ಮೇಲಂಚು ಸಮವಾಗಿ ಕತ್ತರಿಸಿದ ಹಾಗಿದ್ದು ರಸ್ತೆ ಅಂಚಿನ ಕಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಿರತ್ತೆ, ಪಕ್ಕದಲ್ಲಿ ನಡಿಯೋರು ಕಾಣ್ಲಿ ಅಂತ. ರಸ್ತೆಯ ಎಡಕ್ಕೆ ಓಡಿಸೋ ಕಡೆಗೆ ಮಾಡಿರೋ ಲೈಟನ್ನ ಎದುರಿಂದ ನೋಡಿದ್ರೆ ಬಾಣ ನಿಮ್ಮ ಬಲಕ್ಕೆ ತೋರಿಸ್ತಿರತ್ತೆ. ಬಾಣನೇ ಇಲ್ಲ ಅಂದ್ರೆ ಅದು ಬಲಕ್ಕೆ ಓಡಿಸೋ ಕಡೆಗೆ ಮಾಡಿದ್ದು, ಅದನ್ನ ತಂದು ಎಡಕ್ಕೆ ಓಡಿಸೋ ಕಡೆ ಹಾಕಿದ್ರೆ ಆ ಏರಿರೋ ತುಂಡು ಸೀದಾ ಎದುರು ಬರೋರ ಕಣ್ಣಿಗೆ ಹೊಡಿಯತ್ತೆ, ಎಷ್ಟು ಅಡ್ಜಸ್ಟ್ ಮಾಡಿದ್ರೂ ಸರಿಹೋಗಲ್ಲ.

ಬಲ್ಬ್ ಒಳ್ಳೆ ಕಂಪನಿಯ ಮಾಮೂಲಿ 60/55 ಸಾಕು. ಪ್ಯಾಕೆಟ್ ಮೇಲೆ ಇಷ್ಟು ಪರ್ಸೆಂಟ್ ಜಾಸ್ತಿ ಬೆಳಕು ಅಂತ ಬರೆದಿರೋವು ನಿಜಕ್ಕೂ ಚೆನ್ನಾಗಿರ್ತವೆ ಆದ್ರೆ ಬೇಗ ಹೋಗ್ತವೆ. ನೀಲಿ ಬಣ್ಣ ಬಳಿದಿರೋದಂತೂ ಬೇಡ್ವೇ ಬೇಡ, ಬಳಿದಿರೋ ಬಣ್ಣ ತಡಿಯೋದು ಬೆಳಕನ್ನೇ ತಾನೆ. 100/90 ಕಥೆ ಆಗ್ಲೇ ಹೇಳಿದೀನಿ, ರಿಲೇ ಇದ್ರೂ ಅದರ ಶಾಖಕ್ಕೆ ರಿಫ್ಲೆಕ್ಟರ್ ಹೊಳಪು ಹೋಗತ್ತೆ, ಹೋಲ್ಡರ್ ಸುಡತ್ತೆ, ಬಹಳಷ್ಟು ದೇಶಗಳಲ್ಲಿ ರಸ್ತೆ ಮೇಲೆ ಕಾನೂನು ಪ್ರಕಾರ ಹಾಕೋ ಹಾಗೂ ಇಲ್ಲ. ಹಾಕುವಾಗ ಬಲ್ಬಿನ ಗಾಜು ಕೈಯಲ್ಲಿ ಮುಟ್ಬೇಡಿ, ಬೆರಳಿನ ಎಣ್ಣೆ ಜಿಡ್ಡಿರೋ ಕಡೆ ಗಾಜು ಕಾದು ಬೇಗ ಒಡಿಯತ್ತೆ, ಮುಟ್ಟಿದ್ರೆ ಸ್ಪಿರಿಟಲ್ಲಿ ಒರೆಸಿ. ಹಳೇ ಡೂಮೇ ಇಟ್ಕೊಳ್ತೀನಿ ಅನ್ನೋರು ಒಳಗಿನ ಹೊಳಪನ್ನ ಬಟ್ಟೇಲಿ ಒರೆಸೋಕೆ ಹೋಗ್ಬೇಡಿ, ಧೂಳಿನ ಜೊತೆ ಹೊಳಪೂ ಬಟ್ಟೆಗೇ ಬರತ್ತೆ.

ಎಲ್ಇಡಿ ಹಾಕ್ಲಾ ಅಂತ ಎಲ್ರೂ ಕೇಳ್ತಾರೆ. ಹ್ಯಾಲೊಜನ್ ಡೂಮೊಳಗೆ ಎಲ್ಇಡಿ ಬಲ್ಬ್ ತೂರಿಸೋದು ನನಗೆ ಸುತರಾಂ ಇಷ್ಟ ಇಲ್ಲ. ರಿಫ್ಲೆಕ್ಟರ್ ಮಾಡಿರೋದು ಕೂದಲೆಳೆ ಥರದ ಫಿಲಮೆಂಟ್ ಎಲ್ಲಿರತ್ತೆ ಅನ್ನೋ ಲೆಕ್ಕದ ಮೇಲೆ, ಅದು ಸುತ್ತಲೂ ಬೆಳಕು ಚೆಲ್ಲತ್ತೆ, ಎಲ್ಇಡಿ ಎರಡು ಪಕ್ಕಕ್ಕೆ ಮಾತ್ರ. ನಿಮ್ಮ ಗಾಡಿ ಮುಂದೆ ಹತ್ತಡಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಿರತ್ತೆ, ದೂರ ಏನೂ ಕಾಣಲ್ಲ, ಎದುರಿನೋನು ಬೈಕೊಂಡು ಹೋಗ್ತಾನೆ. ಎಷ್ಟೋ ದೇಶಗಳಲ್ಲಿ ಇದಕ್ಕೆ ಒಪ್ಪಿಗೆನೂ ಇಲ್ಲ. ಎಲ್ಇಡಿನೇ ಬೇಕು ಅಂದ್ರೆ ಎಲ್ಇಡಿಗೇ ಅಂತ ಮಾಡಿರೋ 7 ಇಂಚಿನ ಪೂರ್ತಿ ಲೈಟ್ ಬರತ್ತೆ, ಇ ಗುರುತು ಇರೋದು ನೋಡಿ ಹಾಕಿ, ಅದರಲ್ಲಿ ಬೆಳಕಿನ ಅಂಚು ಸರಿಯಾಗೇ ಬೀಳತ್ತೆ. ಮುಖ ಮಾತ್ರ ಬದಲಾಗತ್ತೆ, ಹಳೇ ಕಾರಿಗೆ ರೋಬೋ ಕಣ್ಣಿಟ್ಟ ಹಾಗೆ, ಅದು ನಿಮ್ಮಿಷ್ಟ. ಪಾಸಿಟಿವ್ ಅರ್ಥ್ ಕಾರಿಗೆ ಮಾಮೂಲಿ ಎಲ್ಇಡಿ ಹತ್ತೋದೇ ಇಲ್ಲ, ನೆನಪಿರ್ಲಿ.

ಡೈನಮೋ (ಬ್ಯಾಟರಿ ಚಾರ್ಜ್ ಮಾಡೋ ಹಳೇ ಕಾಲದ ಜನರೇಟರ್) ಇರೋ ಕಾರಿನೋರಿಗೆ ಮಾತ್ರ ಎಲ್ಇಡಿಯಿಂದ ಒಂದು ನಿಜವಾದ ಲಾಭ ಇದೆ. ನನ್ನದ್ರಲ್ಲಿರೋ ಲ್ಯೂಕಾಸ್ ಸಿ40 ಡೈನಮೋ ಕೊಡೋದೇ ಹೆಚ್ಚಂದ್ರೆ 22 ಆಂಪಿಯರ್, ಅದೂ ಎಂಜಿನ್ ಓಡ್ತಾ ಇದ್ರೆ, ಐಡ್ಲಿಂಗಲ್ಲಿ ಹೆಚ್ಚುಕಮ್ಮಿ ಸೊನ್ನೆ. ಹೆಡ್‌ಲೈಟಿಗೆ 10, ಇಗ್ನಿಷನ್ ಕಾಯಿಲಿಗೆ 3-4, ಟೈಲ್ ಲೈಟು, ಮೀಟರ್ ಲೈಟು, ಮಳೆ ಬಂದ್ರೆ ವೈಪರ್, ಎಲ್ಲಾ ಸೇರಿ 60/55 ಬಲ್ಬಿಗೆ ತಕ್ಕಡಿ ಸಮ ಸಮ ನಿಲ್ಲತ್ತೆ. ಎರಡು 100 ವಾಟ್ ಹಾಕಿದ್ರೆ ಲೈಟಿಗೇ 16-17 ಆಂಪಿಯರ್, ಸಿಗ್ನಲ್ಲಲ್ಲಿ ನಾಲ್ಕು ಸಲ ನಿಂತ್ರೆ ಬ್ಯಾಟರಿ ಬಸ್ಕಿ ಹೊಡಿಯತ್ತೆ. 6 ವೋಲ್ಟಿನ ಕಾರು, ಅಂದ್ರೆ 60ರ ದಶಕದ ಮಧ್ಯದವರೆಗಿನ ಬೀಟಲ್ ಥರದವು, ಅವಕ್ಕೆ ಮೇಲೆ ಹೇಳಿದ ಅರ್ಥು, ರಿಲೇ ಕೆಲಸ ಎರಡು ಪಟ್ಟು ಮುಖ್ಯ, ಯಾಕಂದ್ರೆ ಅಲ್ಲಿ ಬರೀ 0.6 ವೋಲ್ಟ್ ಹೋದ್ರೇ ಶೇ. 10 ಹೋದ ಹಾಗೆ, ಕರೆಂಟೂ ಎರಡರಷ್ಟು, ಅದಕ್ಕೆ ತಕ್ಕ ಹಾಗೆ ವೈರೂ ಫ್ಯೂಸೂ ದಪ್ಪ ಬೇಕು, ರಿಲೇ ಕೂಡ 6 ವೋಲ್ಟಿಂದೇ ಆಗ್ಬೇಕು.

ಬಿಚ್ಚೋ ಕೆಲಸ ಕಷ್ಟ ಏನಿಲ್ಲ. ಬ್ಯಾಟರಿ ಕನೆಕ್ಷನ್ ತೆಗೀರಿ, ಹೊರಗಿನ ಕ್ರೋಮ್ ಬಳೆ ಕೆಲವಕ್ಕೆ ಕೆಳಗೊಂದು ಸ್ಕ್ರೂ, ಕೆಲವಕ್ಕೆ ಬರೀ ಕ್ಲಿಪ್ಪು, ಪೇಂಟಿಗೆ ಗೀರು ಬೀಳ್ದೇ ಇರ್ಲಿ ಅಂತ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ಕೊಳಿ. ಒಳಗೆ ಲೈಟನ್ನ ಹಿಡಿದಿರೋ ತೆಳು ರಿಂಗಿಗೆ ಮೂರು ಸಣ್ಣ ಸ್ಕ್ರೂ ಇರತ್ತೆ, ಅದು ಬಿಚ್ಚಬೇಕಾಗಿದ್ದು. ಅದರ ಜೊತೆ ಸ್ಪ್ರಿಂಗ್ ಇರೋ ಎರಡು ದಪ್ಪ ಸ್ಕ್ರೂ ಇರ್ತವೆ, ಅವು ಅಡ್ಜಸ್ಟ್ ಮಾಡೋವು, ಈಗ್ಲೇ ಮುಟ್ಬೇಡಿ. ಹಿಂದಿನ ರಾತ್ರಿನೇ ಎಲ್ಲಾ ಸ್ಕ್ರೂಗೂ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿರಿ, ತಲೆ ಸವೆದ್ರೆ ಡ್ರಿಲ್ ಮಾಡೋ ಕರ್ಮ. ಬಟ್ಟಲು ತುಕ್ಕು ಹಿಡಿದು ತೂತಾಗಿದ್ರೆ ಈಗ್ಲೇ ಬದಲಾಯಿಸಿ, ಅಲುಗಾಡೋ ಬಟ್ಟಲಲ್ಲಿ ಎಂಥಾ ಲೈಟಿದ್ರೂ ಒಂದೇ.

ಕೊನೇದು ಅಡ್ಜಸ್ಟ್‌ಮೆಂಟು, ಇದನ್ನ ಬಿಟ್ಟೋರೇ ಜಾಸ್ತಿ. ಸಮತಟ್ಟು ಜಾಗದಲ್ಲಿ ಗೋಡೆಗೆ ನೇರ ಮುಖ ಮಾಡಿ, ಟೈರ್ ಗಾಳಿ ಸರಿ ಇಟ್ಟು, ಡ್ರೈವರ್ ಸೀಟಲ್ಲಿ ಒಬ್ಬರನ್ನ ಕೂರಿಸಿ, ಮುಂಭಾಗ ಎರಡು ಸಲ ಅಮುಕಿ ಬಿಡಿ, ಸಸ್ಪೆನ್ಷನ್ ತನ್ನ ಜಾಗಕ್ಕೆ ಬರ್ಲಿ. ಮೊದಲು ಗೋಡೆ ಹತ್ರಕ್ಕೇ ತಂದು ಎರಡೂ ಲೈಟಿನ ನಡುಬಿಂದು ಎಲ್ಲಿ ಬರತ್ತೆ ಅಂತ ಟೇಪಲ್ಲಿ ಗುರುತು ಮಾಡ್ಕೊಳಿ, ಆಮೇಲೆ ಸೀದಾ 10 ಮೀಟರ್ ಹಿಂದಕ್ಕೆ ತಗೊಳಿ. ಲೋ ಬೀಮಿನ ಸಮ ಅಂಚು ಆ ಗುರುತಿಗಿಂತ 10 ಸೆಂಟಿಮೀಟರ್ ಕೆಳಗೆ ಬೀಳ್ಬೇಕು. ಜಾಗ ಇಲ್ಲ ಅಂದ್ರೆ 5 ಮೀಟರಲ್ಲಿ 5 ಸೆಂಟಿಮೀಟರ್. ಅಂಚು ಮೇಲಕ್ಕೆ ಏರೋಕೆ ಶುರುವಾಗೋ ಮೂಲೆ ಆಯಾ ಲೈಟಿನ ನಡುಬಿಂದುವಿಗೆ ನೇರ ಇರ್ಬೇಕು. ಒಂದು ಲೈಟ್ ಅಡ್ಜಸ್ಟ್ ಮಾಡುವಾಗ ಇನ್ನೊಂದಕ್ಕೆ ಅಡ್ಡ ರಟ್ಟು ಹಿಡೀರಿ. ಮೇಲಿನ ಸ್ಕ್ರೂ ಮೇಲೆ-ಕೆಳಗೆ, ಪಕ್ಕದ್ದು ಎಡ-ಬಲ. ಲೋ ಸರಿ ಕೂತ್ರೆ ಹೈ ತಾನಾಗೇ ಸರಿ ಇರತ್ತೆ, ಅದನ್ನ ನೋಡ್ಕೊಂಡು ಅಡ್ಜಸ್ಟ್ ಮಾಡೋಕೆ ಹೋಗ್ಬೇಡಿ.

ಒಂದು ವಾರ ಓಡಿಸಿ, ಒಂದಿನ ರಾತ್ರಿ ಅರ್ಧ ಗಂಟೆ ಲೈಟ್ ಹಾಕ್ಕೊಂಡು ಸುತ್ತಿ ಬಂದು, ಆಫ್ ಮಾಡಿದ ತಕ್ಷಣ ಬಾನೆಟ್ ಎತ್ತಿ ಫ್ಯೂಸ್ ಹೋಲ್ಡರು, ಲಗ್ಗು, ರಿಲೇ ಬುಡ ಒಂದೊಂದಾಗಿ ಮುಟ್ಟಿ ನೋಡಿ. ಬೆಚ್ಚಗಿದ್ರೆ ಸರಿ, ಕೈ ಇಡೋಕಾಗದಷ್ಟು ಬಿಸಿ ಇರೋ ಕಡೆ ಕ್ರಿಂಪ್ (ವೈರಿಗೆ ಲಗ್ ಒತ್ತಿ ಕೂರಿಸಿರೋ ಜಾಗ) ಸರಿಯಾಗಿ ಕೂತಿಲ್ಲ ಅಂತ, ಅದೊಂದನ್ನ ಕತ್ತರಿಸಿ ಹೊಸದಾಗಿ ಒತ್ತಿ. ನನಗೆ ಬಿಸಿ ಸಿಕ್ಕಿದ್ದು ಎಡಗಡೆ ಫ್ಯೂಸ್ ಹೋಲ್ಡರಲ್ಲಿ.